ಪುಸ್ತಕ ತಂದಿದ್ದೀರಾ?

ಆಟ ಶುರುವಾಗುವ ಮುಂಚೆ ಐದು ನಿಮಿಷ ಬರೀ ಬ್ಯಾಗುಗಳ ಸದ್ದು. ಜಿಪ್ಪು ಎಳೆಯುವುದು, ದಪ್ಪ ಪುಸ್ತಕಗಳನ್ನು ಮೇಜಿನ ಮೇಲೆ ಧೊಪ್ಪನೆ ಇಡುವುದು, ಪುಟ್ಟ ಚೀಲದಿಂದ ಇಪ್ಪತ್ತು ಮುಖದ ದಾಳಗಳು ಉರುಳಿ ಬೀಳುವುದು. ಅಮೆರಿಕದ ಮಿಡ್‌ವೆಸ್ಟಿನ ಸಣ್ಣ ಊರೊಂದರ ಆಟದಂಗಡಿಯಲ್ಲಿ ಆರು ವರ್ಷ, ವಾರಕ್ಕೊಂದು ಸಂಜೆ, ಈ ಸದ್ದಿನ ನಡುವೆ ಕೂತಿದ್ದೇನೆ. ಮೇಜಿನ ತುದಿಯಲ್ಲಿ ರಟ್ಟಿನ ಪರದೆ ನಿಲ್ಲಿಸಿಕೊಂಡು ಆಟ ನಡೆಸುತ್ತಿದ್ದವಳು ನಾನು. ಎದುರಿಗೆ ಆರು ಮಂದಿ, ಅರ್ಧದಷ್ಟು ಜನ ಹೊಸ ಮುಖ. ಡ್ರ್ಯಾಗನ್ನು, ಹಾಳುಬಿದ್ದ ಕೋಟೆ, ಕಳೆದುಹೋದ ರಾಜಕುವರ ಎಲ್ಲ ಆಮೇಲೆ. ಮೊದಲು ನಾನು ಕೇಳಬೇಕಿದ್ದ ಪ್ರಶ್ನೆ ಒಂದೇ: "ಪುಸ್ತಕ ತಂದಿದ್ದೀರಾ?"

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂಬುದನ್ನು ನೋಡದವರು ತಾಳಮದ್ದಳೆಯನ್ನು ನೆನೆಸಿಕೊಳ್ಳಬಹುದು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ಕಥೆ ಬೆಳೆಯುತ್ತದೆ. ಅರ್ಥಧಾರಿ ಕರ್ಣನಾಗುವ ಹಾಗೆ ಇಲ್ಲಿ ಒಬ್ಬರು ಮಂತ್ರವಾದಿಯಾಗುತ್ತಾರೆ, ಇನ್ನೊಬ್ಬರು ಬಿಲ್ಲುಗಾತಿ. ಭಾಗವತರ ಜಾಗದಲ್ಲಿ ಗೇಮ್ ಮಾಸ್ಟರ್, ಆಡುವವರ ಬಾಯಲ್ಲಿ ಬರೀ 'ಜಿಎಂ'. ಆದರೆ ತಾಳಮದ್ದಳೆಯಲ್ಲಿ ಕರ್ಣ ಸಾಯುವುದು ಎಲ್ಲರಿಗೂ ಮೊದಲೇ ಗೊತ್ತು. ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ. "ಕಂದಕ ಹಾರುತ್ತೇನೆ" ಎಂದು ಒಬ್ಬ ಹೇಳಿದರೆ ದಾಳ ಉರುಳಿಸಬೇಕು. ಎಷ್ಟು ಬಿದ್ದರೆ ಹಾರಿದಂತೆ, ಕಬ್ಬಿಣದ ಕವಚ ತೊಟ್ಟಿದ್ದರೆ ಎಷ್ಟು ಕಳೆಯಬೇಕು, ಬಿದ್ದರೆ ಎಷ್ಟು ಪೆಟ್ಟು ಎಂಬುದನ್ನೆಲ್ಲ ಹೇಳುವುದು ರೂಲ್‌ಬುಕ್.

ಮನೆಯಲ್ಲಿ ಸ್ನೇಹಿತರು ಸೇರಿ ಆಡುವಾಗ ಆರು ಜನಕ್ಕೆ ಒಂದು ಪುಸ್ತಕ ಸಾಕು. ಕೈಯಿಂದ ಕೈಗೆ ಹೋಗುತ್ತದೆ, ಚಹಾದ ಕಲೆ ಬೀಳುತ್ತದೆ, ನಿಯಮ ಹಿಡಿಸದಿದ್ದರೆ ಎಲ್ಲರೂ ಒಪ್ಪಿ ಬದಲಿಸುತ್ತಾರೆ. ಆರ್ಗನೈಸ್ಡ್ ಪ್ಲೇ ಎಂಬ ಸಂಘಟಿತ ಕ್ಯಾಂಪೇನುಗಳ ಲೋಕ ಹೀಗಲ್ಲ. ಅಲ್ಲಿ ನಿಮ್ಮ ಪಾತ್ರ ನಿಮ್ಮ ಜೊತೆ ಊರೂರು ಸುತ್ತುತ್ತದೆ. ಇವತ್ತು ಚಿಕಾಗೊದ ಅಂಗಡಿಯಲ್ಲಿ ಆಡಿದ ಪಾತ್ರವನ್ನು ಮುಂದಿನ ತಿಂಗಳು ಲಂಡನ್ನಿನಲ್ಲಿ ಪರಿಚಯವೇ ಇಲ್ಲದ ಜಿಎಂ ಎದುರು ಕೂರಿಸಬಹುದು. ಗಳಿಸಿದ ಅನುಭವ, ಚಿನ್ನ, ಮಾಯದ ಕತ್ತಿ ಎಲ್ಲವೂ ಒಂದು ಹಾಳೆಯಲ್ಲಿ ದಾಖಲಾಗಿ ಜಿಎಂ ಸಹಿ ಬೀಳುತ್ತದೆ. ಎಲ್ಲ ಊರಿನ ಎಲ್ಲ ಮೇಜಿಗೂ ಒಂದೇ ಕಾನೂನು ಬೇಕಾಗುವುದು ಇದಕ್ಕೇ. ಆ ಕಾನೂನಿನಲ್ಲಿ ಒಂದು ಕಲಮು, ನೀವು ಬಳಸುವ ನಿಯಮ ಯಾವ ಪುಸ್ತಕದ್ದೋ ಆ ಪುಸ್ತಕ ನಿಮ್ಮದಾಗಿರಬೇಕು ಎಂಬುದು. ಹೊರಗಿನವರಿಗೆ ಇದು ಚಿಕ್ಕ ವಿಷಯವಾಗಿ ಕಾಣಬಹುದು. ಆ ಮೇಜುಗಳಲ್ಲಿ ಕೂತವರಿಗೆ ಇದರಷ್ಟು ಮನಸ್ಸು ಕಹಿ ಮಾಡಿದ, ಇದರಷ್ಟು ಪ್ರಾಮಾಣಿಕವಾಗಿ ಚರ್ಚೆಯಾದ ಕಲಮು ಇನ್ನೊಂದಿಲ್ಲ.

ಈ ಆಟ ಮೊದಲು ಹಬ್ಬಿದ ಬಗೆಯನ್ನು ನೋಡಿದರೆ ಕಲಮಿನ ಭಾರ ಅರ್ಥವಾಗುತ್ತದೆ. 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಬರೆದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರಬಂತು. ಒಂದು ಡಬ್ಬಿಯಲ್ಲಿ ಮೂರು ಕಿರುಪುಸ್ತಕ, ಬೆಲೆ 10 ಡಾಲರ್, ಮೊದಲ ಮುದ್ರಣ 1000 ಪ್ರತಿ. ಕಾಲೇಜು ಹುಡುಗರಿಗೆ ಆಗ ಅದು ದೊಡ್ಡ ಮೊತ್ತ, ಪ್ರತಿಗಳೂ ಎಲ್ಲ ಊರಿಗೆ ತಲುಪುತ್ತಿರಲಿಲ್ಲ. ಒಬ್ಬರ ಹತ್ತಿರ ಇದ್ದದ್ದನ್ನು ಇನ್ನೊಬ್ಬರು ಜೆರಾಕ್ಸ್ ಮಾಡಿಸಿದರು, ಮತ್ತೊಬ್ಬರು ಟೈಪ್ ಮಾಡಿಕೊಂಡರು. ಒಂದೊಂದು ಕ್ಯಾಂಪಸ್ಸಿನಲ್ಲಿ ಆಟ ಒಂದೊಂದು ರೂಪ ತಾಳಿತು. ಅಜ್ಜಿಯರ ಬಾಯಿಂದ ಕಲಿತ ಚೌಕಾಬಾರ ಬೀದಿಗೊಂದು ಬಗೆಯಾಗುವ ಹಾಗೆ.

ಬೀದಿಗೊಂದು ಬಗೆ ಇದ್ದರೆ ಪಂದ್ಯ ಕಟ್ಟಲು ಆಗುವುದಿಲ್ಲ. 1975ರಲ್ಲಿ ಒರಿಜಿನ್ಸ್ ಎಂಬ ಆಟಗಳ ಸಮಾವೇಶದಲ್ಲಿ ಗೈಗ್ಯಾಕ್ಸ್ 'ಟೂಂಬ್ ಆಫ್ ಹಾರರ್ಸ್' ಎಂಬ ಸಾಹಸವನ್ನು ಪಂದ್ಯವಾಗಿ ಆಡಿಸಿದರು. ನಿಯಮ ಎಲ್ಲರಿಗೂ ಒಂದೇ ಇರಬೇಕೆಂಬ ಆಸೆ ಹುಟ್ಟಿದ್ದು ಇಂಥ ಕಡೆಗಳಲ್ಲೇ. 1977ರಿಂದ 1979ರವರೆಗೆ ಬಂದ 'ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ ಮೂರು ದಪ್ಪ ಪುಸ್ತಕಗಳ ಹಿಂದೆಯೂ ಅದೇ ಆಸೆ ಇತ್ತು. 1980ರಲ್ಲಿ ಪ್ರಕಾಶಕ ಕಂಪನಿ ಟಿಎಸ್‌ಆರ್ ಆಟಗಾರರ ಸಂಘವೊಂದನ್ನು ಕಟ್ಟಿತು, ಹೆಸರು ಆರ್‌ಪಿಜಿಎ. 1987ರಲ್ಲಿ ಆ ಸಂಘ 'ಲಿವಿಂಗ್ ಸಿಟಿ' ಎಂಬ ಕ್ಯಾಂಪೇನು ಶುರುಮಾಡಿತು. ಒಂದು ಕಲ್ಪಿತ ನಗರ, ಅದರಲ್ಲಿ ಬೇರೆ ಬೇರೆ ಊರಿನ ಸಾವಿರಾರು ಆಟಗಾರರ ಪಾತ್ರಗಳು ಒಟ್ಟಿಗೆ ಬದುಕುತ್ತವೆ. 2000ದಿಂದ 2008ರವರೆಗೆ ನಡೆದ 'ಲಿವಿಂಗ್ ಗ್ರೇಹಾಕ್' ಇನ್ನೂ ದೊಡ್ಡದು. ಕಲ್ಪಿತ ಭೂಪಟದ ರಾಜ್ಯಗಳನ್ನು ನಿಜವಾದ ಭೂಪಟದ ಪ್ರದೇಶಗಳಿಗೆ ಹಂಚಿಕೊಟ್ಟು, ಆಯಾ ಊರಿನ ಸ್ವಯಂಸೇವಕರೇ ಅಲ್ಲಿಯ ಕಥೆ ಬರೆದರು. ಅಷ್ಟು ದೂರದವರೆಗೆ ಹಬ್ಬಿದ ಜನಕ್ಕೆ ಒಂದೇ ನಿಯಮ ಬೇಕೆಂದಾಗ ಆ ನಿಯಮ ಇರುವ ಪುಸ್ತಕವೇ ಸಂವಿಧಾನವಾಯಿತು. ಆ ಸಂವಿಧಾನ ಮಾತ್ರ ಅಂಗಡಿಯಲ್ಲಿ ಮಾರಾಟಕ್ಕಿರುವ ಸರಕು. ಈ ಕಲಮಿನ ತೊಡಕೆಲ್ಲ ಹುಟ್ಟುವುದು ಅಲ್ಲಿಂದ.

ಈ ಕಲಮನ್ನು ಅತಿ ಸ್ಪಷ್ಟವಾಗಿ ಬರೆದಿದ್ದುದು ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಸಂಘಟಿತ ಕ್ಯಾಂಪೇನಾದ ಪಾತ್‌ಫೈಂಡರ್ ಸೊಸೈಟಿಯಲ್ಲಿ. ವಾಷಿಂಗ್ಟನ್ ರಾಜ್ಯದ ಪೈಜೊ ಕಂಪನಿ ಈ ಕ್ಯಾಂಪೇನನ್ನು 2008ರಲ್ಲಿ ಆರಂಭಿಸಿತು. 2009ರ ಆಗಸ್ಟಿನಲ್ಲಿ ಅವರ 'ಪಾತ್‌ಫೈಂಡರ್' ಕೋರ್ ರೂಲ್‌ಬುಕ್ ಬಂತು. 576 ಪುಟ, ಇಟ್ಟಿಗೆಯಂಥ ಪುಸ್ತಕ, ಬೆಲೆ 49.99 ಡಾಲರ್. ಕ್ಯಾಂಪೇನಿನ ಮಾರ್ಗದರ್ಶಿ ಹೇಳುತ್ತಿದ್ದುದು ಹೀಗೆ: ಕೋರ್ ರೂಲ್‌ಬುಕ್ ಎಲ್ಲರ ಬಳಿಯೂ ಇದೆ ಎಂದು ಭಾವಿಸಿಕೊಳ್ಳುತ್ತೇವೆ. ಅದರಾಚೆಯ ಪುಸ್ತಕಗಳಿಗೆ 'ಅಡಿಷನಲ್ ರಿಸೋರ್ಸಸ್' ಎಂಬ ಪಟ್ಟಿ ಇದೆ. ಆ ಪಟ್ಟಿಯ ಪುಸ್ತಕದಿಂದ ಒಂದು ಮಂತ್ರವನ್ನೋ ಆಯುಧವನ್ನೋ ನಿಮ್ಮ ಪಾತ್ರಕ್ಕೆ ತೆಗೆದುಕೊಂಡರೆ, ಆ ಪುಸ್ತಕದ ಮುದ್ರಿತ ಪ್ರತಿಯನ್ನು ಆಟಕ್ಕೆ ತರಬೇಕು. ಇಲ್ಲವೇ ನಿಮ್ಮ ಹೆಸರಿನ ವಾಟರ್‌ಮಾರ್ಕ್ ಇರುವ ಪಿಡಿಎಫ್ ತರಬೇಕು, ಅಥವಾ ಅದರಿಂದ ಬೇಕಾದ ಪುಟಗಳನ್ನು ಪ್ರಿಂಟ್ ಮಾಡಿಸಿ ತರಬೇಕು. ಪಾತ್ರ ಕಟ್ಟಿಕೊಡುವ ಸಾಫ್ಟ್‌ವೇರ್ ತೋರಿಸಿದರೆ ನಡೆಯದು. ನಿಯಮಗಳ ಬಹುಭಾಗವನ್ನು ಕಂಪನಿ ತನ್ನದೇ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತ್ತು. ಅದನ್ನು ಓದಿ ಅಭ್ಯಾಸ ಮಾಡಬಹುದಿತ್ತು, ಮೇಜಿನಲ್ಲಿ ಪುಸ್ತಕದ ಬದಲಿಗೆ ತೋರಿಸುವಂತಿರಲಿಲ್ಲ.

ವಾಟರ್‌ಮಾರ್ಕ್ ಎಂದರೆ ಪ್ರತಿ ಪುಟದ ಅಡಿಯಲ್ಲೂ ಕೊಂಡವರ ಹೆಸರು, ಇಮೇಲ್ ವಿಳಾಸ. ತೆಳು ಅಕ್ಷರ, ಓದಲು ಅಡ್ಡಿಯಿಲ್ಲ, ಆದರೆ ಮರೆಯಲು ಬಿಡುವುದಿಲ್ಲ. ಮುದ್ರಿತ ಪುಸ್ತಕದ ಮೇಲೆ ಹೆಸರಿರುವುದಿಲ್ಲ. ಅದು ನಿಮ್ಮದೋ, ಪಕ್ಕದ ಮನೆಯವರಿಂದ ಕಡ ತಂದದ್ದೋ, ಸಾರ್ವಜನಿಕ ಗ್ರಂಥಾಲಯದ್ದೋ ಯಾರು ಬಲ್ಲರು? ಮೇಜಿನ ಮೇಲೆ ಇದ್ದರೆ ಆಯಿತು. ಪಿಡಿಎಫ್ ಮಾತ್ರ ನಿಮ್ಮ ಹೆಸರನ್ನೇ ಹೊತ್ತಿರಬೇಕು. ಗಂಡ ಕೊಂಡ ಪಿಡಿಎಫನ್ನು ಹೆಂಡತಿ ತಂದರೆ? ಅಣ್ಣ ತಂಗಿ ಸೇರಿ ದುಡ್ಡು ಹಾಕಿದ್ದರೆ? ಸುಮ್ಮನೆ ಹುಟ್ಟಿಸಿಕೊಂಡ ಪ್ರಶ್ನೆಗಳಲ್ಲ ಇವು. ಒಂದೇ ಮನೆಯ ನಾಲ್ಕು ಜನ ಒಟ್ಟಿಗೆ ಬಂದು ಆಡುವ ಆಟವಿದು.

ಈ ಕಲಮಿನ ಪರವಾಗಿ ಹೇಳಬೇಕಾದದ್ದು ಬಹಳ ಇದೆ. ಪರದೆಯ ಹಿಂದೆ ಕೂತವಳಾದ್ದರಿಂದ ಅದನ್ನು ಪೂರ್ತಿ ಹೇಳದೆ ಮುಂದೆ ಹೋಗಲಾರೆ. 2010ರಿಂದ 2015ರೊಳಗೆ ಪೈಜೊ ಆಟಗಾರರಿಗಾಗಿ ತಂದ ದಪ್ಪ ಪುಸ್ತಕಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಲದು. ಜೊತೆಗೆ 32 ಪುಟದ ಕಿರುಹೊತ್ತಿಗೆಗಳು ಬೇರೆ. ಯಾವ ಜಿಎಂ ಕೂಡ ಇವನ್ನೆಲ್ಲ ಓದಿರಲಾರ. ಕಾಳಗದ ನಡುವೆ ಒಬ್ಬ ಹುಡುಗ "ನನ್ನ ಈ ಮಂತ್ರಕ್ಕೆ ಅರವತ್ತು ಅಡಿಯವರೆಗೆ ಎಲ್ಲರೂ ಕುರುಡಾಗುತ್ತಾರೆ" ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಯಾವುದೋ ಜಾಲತಾಣದಲ್ಲಿ ಓದಿದ್ದಾನೆ, ಕೊನೆಯ ಸಾಲು ಬಿಟ್ಟುಹೋಗಿದೆ. ಆ ಸಾಲಿನಲ್ಲಿ 'ಒಂದು ಸುತ್ತಿನ ಮಟ್ಟಿಗೆ' ಎಂದಿದೆ. ಪುಸ್ತಕ ಎದುರಿಗಿದ್ದರೆ ಹತ್ತು ಸೆಕೆಂಡಿನ ಕೆಲಸ. ಇಲ್ಲದಿದ್ದರೆ ನಾಲ್ಕು ಗಂಟೆಯ ಆಟದಲ್ಲಿ ಅರ್ಧ ಗಂಟೆ ವಾದಕ್ಕೆ ಹೋಗುತ್ತದೆ, ಉಳಿದ ಐವರು ಗಡಿಯಾರ ನೋಡುತ್ತಾರೆ. ಇಡೀ ವಾರ ದುಡಿದು ಈ ಒಂದು ಸಂಜೆಗಾಗಿ ಕಾದಿದ್ದವರು ಅವರು. ನಿಯಮದ ಅಕ್ಷರ ಮೇಜಿನ ಮೇಲೆ ಇರಬೇಕು ಎಂಬುದನ್ನು ನಾನು ಅಂದೂ ಒಪ್ಪುತ್ತಿದ್ದೆ, ಇಂದೂ ಒಪ್ಪುತ್ತೇನೆ.

ಬರೆದವರ ಹೊಟ್ಟೆಪಾಡೂ ಇದೆ. ಈ ಪುಸ್ತಕಗಳನ್ನು ಬರೆಯುವ ಎಷ್ಟೋ ಮಂದಿ ಪದಕ್ಕೆ ಇಷ್ಟು ಎಂದು ಸಂಭಾವನೆ ಪಡೆಯುವ ಬಿಡಿ ಬರಹಗಾರರು. 2021ರ ಅಕ್ಟೋಬರಿನಲ್ಲಿ ಪೈಜೊ ನೌಕರರು ಯೂನಿಯನ್ ಕಟ್ಟಿಕೊಂಡರು, ಕಂಪನಿ ಅದನ್ನು ಒಪ್ಪಿಕೊಂಡಿತು. ರೋಲ್‌ಪ್ಲೇಯಿಂಗ್ ಉದ್ಯಮದಲ್ಲಿ ಇದು ಆಗ ಹೊಸದು. ಚಂದದ ಚಿತ್ರಗಳ ಈ ಪುಸ್ತಕಗಳ ಹಿಂದೆ ಬಾಡಿಗೆ ಕಟ್ಟಲು ಹೆಣಗುವ ಮನುಷ್ಯರಿದ್ದಾರೆ ಎಂಬುದು ಅಂದು ಹಲವರಿಗೆ ಮೊದಲ ಸಲ ಕಂಡಿತು. ಕ್ಯಾಂಪೇನು ನಡೆಸುವುದಕ್ಕೂ ಖರ್ಚಿದೆ. ಆಡುವವರು ಪುಸ್ತಕ ಕೊಂಡರೆ ಕ್ಯಾಂಪೇನು ಉಳಿಯುತ್ತದೆ, ಕೊಳ್ಳದಿದ್ದರೆ ಮುಚ್ಚುತ್ತದೆ. ಈ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ.

ನನ್ನ ತಕರಾರು, ಈ ಎರಡು ಮಾತುಗಳನ್ನು ಒಂದೇ ಗಂಟು ಹಾಕಿ ಅದನ್ನು ಮೇಜಿನ ಮೇಲೆ ಇಟ್ಟದ್ದರ ಬಗ್ಗೆ.

ಒಂದು ಸಂಜೆ ನನ್ನ ಮೇಜಿಗೆ ಕಾಲೇಜು ಹುಡುಗನೊಬ್ಬ ಬಂದ. ನಾನಾಗ ಆಡಿಸುತ್ತಿದ್ದ ಕ್ಯಾಂಪೇನಿನಲ್ಲೂ ಇಂಥದೇ ಕಲಮಿತ್ತು. ಅವನ ಪಾತ್ರ ಒಬ್ಬ ಮುದಿ ಸೈನಿಕ, ಯುದ್ಧ ಸಾಕಾಗಿ ಜೇನು ಸಾಕುವವನು. ಹೋದಲ್ಲೆಲ್ಲ ಜೇನುಗೂಡು ಹುಡುಕುತ್ತಾನೆ. ಅದನ್ನು ಹೇಳುವಾಗ ಹುಡುಗನ ಮುಖ ಬೆಳಗುತ್ತಿತ್ತು. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿ ತಂದಿದ್ದ. ಬೇಕಾದ ನಿಯಮಗಳೆಲ್ಲ ಇದ್ದವು, ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದಿದ್ದ, ಒಂದು ಅಕ್ಷರವೂ ತಪ್ಪಿರಲಿಲ್ಲ. ಎಲ್ಲವೂ ಸ್ನೇಹಿತನ ಪುಸ್ತಕದಿಂದ ತೆಗೆಸಿದ ಜೆರಾಕ್ಸ್. ನಾನು ಕಲಮು ಹೇಳಿದೆ. ಅವನು ವಾದ ಮಾಡಲಿಲ್ಲ. ಹೊಸಬರಿಗೆಂದು ಇಟ್ಟಿರುತ್ತಿದ್ದ ಸಿದ್ಧ ಪಾತ್ರಗಳಲ್ಲಿ ಒಂದನ್ನು ತೆಗೆದುಕೊಂಡು ನಾಲ್ಕು ಗಂಟೆ ಆಡಿದ, ಕೊನೆಯಲ್ಲಿ ಥ್ಯಾಂಕ್ಸ್ ಹೇಳಿ ಹೋದ. ಮತ್ತೆ ಬರಲಿಲ್ಲ.

ಆ ಸಂಜೆ ಮೇಜಿಗೆ ಬೇಕಾಗಿದ್ದುದೆಲ್ಲ ಅವನ ಕವರಿನಲ್ಲಿತ್ತು. ಅಕ್ಷರ ಇತ್ತು, ತಯಾರಿ ಇತ್ತು, ಪ್ರೀತಿ ಇತ್ತು. ಇಲ್ಲದ್ದು ರಸೀದಿ ಒಂದೇ. ನಾನೋ, ಸಂಬಳ ಪಡೆಯದೆ ಆಟ ನಡೆಸುವವಳು. ಸಿನಾರಿಯೊ, ಎಂದರೆ ಒಂದು ಸಂಜೆಗೆ ಆಡುವ ಕಥೆಯನ್ನು ಕೂಡ ಕೈಯಿಂದ ದುಡ್ಡು ಹಾಕಿ ಕೊಂಡು ತರುತ್ತಿದ್ದೆ. ಅಂಥವಳು ಇನ್ನೊಬ್ಬರ ಪರವಾಗಿ ರಸೀದಿ ಕೇಳುವ ಕೆಲಸಕ್ಕೆ ನಿಂತೆ. ಟೋಲ್ ಗೇಟಿನಲ್ಲಿ ನಿಂತವನಿಗೆ ಕೂಡ ಸಂಬಳ ಇರುತ್ತದೆ. ಆಟ ಹೇಳಿಕೊಡಲು ಕೂತವರಿಗೆ ಈ ಕೆಲಸ ವಹಿಸಬಾರದಿತ್ತು ಎಂದು ಅವತ್ತಿನಿಂದ ನಂಬಿದ್ದೇನೆ.

ಬೆಲೆ ಎಂಬುದು ಇಂಥ ಕಡೆ ಬರೀ ಅಂಕಿಯಲ್ಲ. 2009ರಲ್ಲಿ ನಡೆದ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಏಪ್ರಿಲ್ ತಿಂಗಳಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಒಡೆಯರಾದ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ತನ್ನ ಪಿಡಿಎಫ್‌ಗಳ ಮಾರಾಟವನ್ನೆಲ್ಲ ಒಂದೇ ಏಟಿಗೆ ನಿಲ್ಲಿಸಿತು. ಹೊಸ ಪುಸ್ತಕವೊಂದರ ಕಳ್ಳಪ್ರತಿ ಹರಿದಾಡಿದ್ದು ಕಾರಣ. ಎಂಟು ಮಂದಿಯ ಮೇಲೆ ದಾವೆಯೂ ಆಯಿತು. ಕದ್ದವರ ಕೈಯಲ್ಲಿ ಕಡತ ಉಳಿಯಿತು. ದುಡ್ಡು ಕೊಟ್ಟು ಕೊಳ್ಳುತ್ತಿದ್ದವರಿಗೆ ಬಾಗಿಲು ಮುಚ್ಚಿತು, ಮತ್ತೆ ತೆರೆದದ್ದು 2013ರಲ್ಲಿ. ಅದೇ 2009ರ ಆಗಸ್ಟಿನಲ್ಲಿ ಪೈಜೊ ತನ್ನ 576 ಪುಟದ ಕೋರ್ ರೂಲ್‌ಬುಕ್ಕಿನ ಪಿಡಿಎಫನ್ನು 9.99 ಡಾಲರಿಗೆ ಮಾರಾಟಕ್ಕಿಟ್ಟಿತು. ಮುದ್ರಿತ ಪ್ರತಿಯ ಐದನೇ ಒಂದು ಭಾಗ. ಆಗಿನ ವಿನಿಮಯದರದಲ್ಲಿ ಮುದ್ರಿತ ಪುಸ್ತಕಕ್ಕೆ ಸುಮಾರು 2400 ರೂಪಾಯಿ, ಸಾಗಣೆ ವೆಚ್ಚ ಬೇರೆ. ಪಿಡಿಎಫ್ ಐನೂರು ರೂಪಾಯಿಯ ಒಳಗೆ. ಬೆಂಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಈ ಆಟದ ಒಳಗಿರುತ್ತಾನೋ ಹೊರಗಿರುತ್ತಾನೋ ಎಂಬುದನ್ನು ಆ ವ್ಯತ್ಯಾಸವೇ ತೀರ್ಮಾನಿಸುತ್ತದೆ. ಮಾಲೀಕತ್ವ ಕೇಳುವುದಾದರೆ ಕೊಳ್ಳಲು ಸಾಧ್ಯವಾಗುವ ಬೆಲೆಯನ್ನೂ ಇಡಬೇಕು ಎಂಬುದನ್ನು ಪೈಜೊ ಅರಿತಿತ್ತು. ಅವರ ಕಲಮು ಕಠಿಣವಾಗಿದ್ದರೂ ಅದರೊಳಗೆ ಒಂದು ನ್ಯಾಯ ನನಗೆ ಕಾಣುವುದು ಈ ಕಾರಣಕ್ಕೆ.

ಕಾನೂನಿನ ಕಡೆಯಿಂದ ನೋಡಿದರೆ 'ನಿಯಮ ನಿಮ್ಮದಾಗಿರಬೇಕು' ಎಂಬ ಮಾತಿಗೆ ನೆಲೆಯೇ ಇಲ್ಲ, ಏಕೆಂದರೆ ನಿಯಮ ಯಾರದೂ ಅಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ 1879ರ ಬೇಕರ್ ವಿರುದ್ಧ ಸೆಲ್ಡನ್ ಪ್ರಕರಣ ಇಂದಿಗೂ ಆಧಾರ. ಸೆಲ್ಡನ್ ಎಂಬಾತ ಲೆಕ್ಕಪತ್ರ ಇಡುವ ಹೊಸ ಪದ್ಧತಿಯೊಂದನ್ನು ಪುಸ್ತಕವಾಗಿ ಬರೆದಿದ್ದ. ಬೇಕರ್ ಅದರಂಥದೇ ಪದ್ಧತಿಯ ಫಾರಂಗಳನ್ನು ಮಾರಿದ. ಸೆಲ್ಡನ್ ತೀರಿಕೊಂಡಿದ್ದರಿಂದ ಆತನ ಹೆಂಡತಿ ಕೋರ್ಟಿಗೆ ಹೋದಳು. ಪುಸ್ತಕದ ಮಾತುಗಳಿಗೆ ಹಕ್ಕುಂಟು, ಅದು ವಿವರಿಸುವ ಪದ್ಧತಿಗೆ ಇಲ್ಲ ಎಂದು ಕೋರ್ಟು ಹೇಳಿತು. ಆಟಕ್ಕೂ ಇದೇ ಅನ್ವಯ. ಇಪ್ಪತ್ತು ಮುಖದ ದಾಳ ಉರುಳಿಸಿ ಬಲ ಕೂಡಿಸಿ ಎಂಬ ಕ್ರಮ ಯಾರ ಸೊತ್ತೂ ಅಲ್ಲ. ಅದನ್ನು ಹೇಳಿದ ವಾಕ್ಯ, ಜೊತೆಗಿನ ಚಿತ್ರ, ಕಲ್ಪಿಸಿದ ದೇವರುಗಳು ಮಾತ್ರ ಸೊತ್ತು. ಹಾಗಾಗಿ ಪುಸ್ತಕ ತೋರಿಸಿ ಎಂಬ ಕಲಮಿನ ಬಲ ಕಾಪಿರೈಟಿನಿಂದ ಬಂದದ್ದಲ್ಲ. ಅದು ನಮ್ಮ ಕ್ಯಾಂಪೇನಿಗೆ ಬರುವವರು ನಮ್ಮ ಷರತ್ತು ಪಾಲಿಸಬೇಕು ಎಂಬ ಆತಿಥೇಯರ ಮಾತು. ಆತಿಥೇಯರಿಗೆ ಆ ಹಕ್ಕಿದೆ. ಅದು ಆಟದ ಸಹಜ ನಿಯಮವೇನೋ ಎಂಬಂತೆ ನಾವು ನಡೆದುಕೊಂಡದ್ದು ಸರಿಯಲ್ಲ. ಮ್ಯಾಜಿಕ್ ಎಂಬ ಕಾರ್ಡಿನ ಆಟದಲ್ಲಿ ಕಾರ್ಡೇ ಕಾಯಿ, ಅಸಲಿ ಕಾರ್ಡಿಲ್ಲದೆ ಪಂದ್ಯ ಆಡುವಂತಿಲ್ಲ. ರೋಲ್‌ಪ್ಲೇಯಿಂಗಿನಲ್ಲಿ ಪುಸ್ತಕ ಕಾಯಲ್ಲ. ಕಾಯಿ ಎಂದರೆ ನಿಮ್ಮ ಪಾತ್ರ, ಅದು ಇರುವುದು ಪೆನ್ಸಿಲಿನಲ್ಲಿ ಬರೆದ ಒಂದು ಹಾಳೆಯಲ್ಲಿ ಮತ್ತು ನಿಮ್ಮ ಬಾಯಲ್ಲಿ.

ಪಾತ್‌ಫೈಂಡರ್ ಸೊಸೈಟಿಯ ಪಾತ್ರವೊಂದು ಆಗ ಮೂರು ಸಿನಾರಿಯೊಗೆ ಒಂದು ಮೆಟ್ಟಿಲು ಏರುತ್ತಿತ್ತು, ಹನ್ನೆರಡನೇ ಮೆಟ್ಟಿಲಿಗೆ ನಿವೃತ್ತಿ. ಎಂದರೆ 33 ಸಿನಾರಿಯೊ, ಒಂದೊಂದಕ್ಕೆ ನಾಲ್ಕೈದು ಗಂಟೆ. ಮೊದಲ ದಿನ ಒಂದು ಕಿರುಹೊತ್ತಿಗೆಯಿಂದ ಆರಿಸಿಕೊಂಡ ಒಂದೇ ಒಂದು ಸಾಲಿನ ವಿದ್ಯೆಗಾಗಿ ಆ ಹೊತ್ತಿಗೆಯನ್ನು ಎರಡು ಮೂರು ವರ್ಷ ಎಲ್ಲ ಊರಿಗೂ ಹೊತ್ತುಕೊಂಡು ಹೋಗಬೇಕು. ಇಂಡಿಯಾನಾಪೊಲಿಸ್‌ನಲ್ಲಿ ವರ್ಷಕ್ಕೊಮ್ಮೆ ನಡೆಯುವ ಜೆನ್ ಕಾನ್ ಜಾತ್ರೆಗೆ ಈಚಿನ ವರ್ಷಗಳಲ್ಲಿ 70 ಸಾವಿರಕ್ಕೂ ಮೀರಿ ಜನ ಬರುತ್ತಾರೆ. ಅಲ್ಲಿನ ಸಾಗಮೋರ್ ಬಾಲ್‌ರೂಮಿನಲ್ಲಿ ಸಾಲುಸಾಲು ಮೇಜು ಹಾಕಿ ಪಾತ್‌ಫೈಂಡರ್ ಆಡುತ್ತಿದ್ದ ಕಾಲದಲ್ಲಿ ಚಕ್ರದ ಸೂಟ್‌ಕೇಸು ಎಳೆದು ಬರುತ್ತಿದ್ದವರನ್ನು ಕಂಡಿದ್ದೇನೆ. ಒಳಗೆ ಬಟ್ಟೆಯಲ್ಲ, ಪುಸ್ತಕ.

ಈ ಭಾರ ಕಂಪನಿಗಳಿಗೂ ತಿಳಿಯುತ್ತ ಬಂತು. 2015ರ ಜನವರಿಯಲ್ಲಿ ಪೈಜೊ 'ಕೋರ್ ಕ್ಯಾಂಪೇನ್' ಎಂಬ ಇನ್ನೊಂದು ದಾರಿ ತೆರೆಯಿತು. ಅದೇ ಸಿನಾರಿಯೊಗಳು, ಆದರೆ ಪಾತ್ರ ಕಟ್ಟಲು ಕೋರ್ ರೂಲ್‌ಬುಕ್ ಮಾತ್ರ. ಹೊಸಬರೂ ಹಳಬರೂ ಒಂದೇ ಮೆಟ್ಟಿಲಲ್ಲಿ. 2014ರಲ್ಲಿ ಶುರುವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಅಡ್ವೆಂಚರರ್ಸ್ ಲೀಗ್ ಕೆಲವು ವರ್ಷ ಇನ್ನೊಂದು ಕಟ್ಟು ಹಾಕಿಕೊಂಡಿತ್ತು. ಪ್ಲೇಯರ್ಸ್ ಹ್ಯಾಂಡ್‌ಬುಕ್, ಅದರ ಜೊತೆಗೆ ಇನ್ನೊಂದೇ ಪುಸ್ತಕ. ಪಾತ್ರಗಳು ಮಿತಿಮೀರಿ ಬಲಿಯದಿರಲಿ ಎಂಬುದು ಅದರ ಉದ್ದೇಶ. ಆದರೆ ಬ್ಯಾಗಿನ ಭಾರಕ್ಕೂ ಜೇಬಿನ ಭಾರಕ್ಕೂ ಅದು ತಾನಾಗಿ ಮಿತಿ ಹಾಕಿತು. ಅದಕ್ಕೂ ಮುಖ್ಯವಾದದ್ದು, 2014ರ ಜುಲೈಯಲ್ಲಿ 'ಬೇಸಿಕ್ ರೂಲ್ಸ್' ಎಂಬ ಕಡತವನ್ನು ವಿಜರ್ಡ್ಸ್ ಉಚಿತವಾಗಿ ಬಿಟ್ಟಿತು. ಆಯ್ಕೆಗಳು ಕಡಿಮೆ, ಆಟ ಪೂರ್ತಿ. ಕೈಯಲ್ಲಿ ದುಡ್ಡಿಲ್ಲದವರು ಅದನ್ನು ಪ್ರಿಂಟ್ ಮಾಡಿಸಿಕೊಂಡು ತಲೆಯೆತ್ತಿ ಬಂದು ಕೂರಬಹುದು. ಬಾಗಿಲು ಹೀಗೆ ತೆರೆದಿಟ್ಟರೆ ಒಳಗೆ ಬಂದವರು ಮನಸೋತು ಪುಸ್ತಕ ಕೊಳ್ಳುತ್ತಾರೆ. ನಾನೇ ಆಡಿಸಿದ ಮೇಜುಗಳಲ್ಲಿ ಹಾಗೆ ಕೊಂಡವರನ್ನು ಕಂಡಿದ್ದೇನೆ. ಕಲಮಿಗೆ ಹೆದರಿ ಕೊಂಡವರಿಗಿಂತ ಅವರು ಪುಸ್ತಕವನ್ನು ಚೆನ್ನಾಗಿ ಓದಿರುತ್ತಿದ್ದರು.

ಈಗ 'ನಿಮ್ಮದು' ಎಂಬ ಶಬ್ದವೇ ಜಾರುತ್ತಿದೆ. 2017ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪುಸ್ತಕಗಳನ್ನು ಮಾರುವ ಡಿ ಅಂಡ್ ಡಿ ಬಿಯಾಂಡ್ ಎಂಬ ತಾಣ ಬಂತು. 2022ರಲ್ಲಿ ವಿಜರ್ಡ್ಸ್‌ನ ಮಾತೃ ಕಂಪನಿ ಹ್ಯಾಸ್‌ಬ್ರೊ ಅದನ್ನು 146.3 ಮಿಲಿಯನ್ ಡಾಲರಿಗೆ ಕೊಂಡುಕೊಂಡಿತು. ಅಲ್ಲಿ ಪುಸ್ತಕ ಕೊಂಡರೆ ಸಿಗುವುದು ಕಡತವಲ್ಲ, ನಿಮ್ಮ ಖಾತೆಯಲ್ಲಿ ಓದಲು ಪ್ರವೇಶ. ಮೊದಲೆಲ್ಲ ಇಡೀ ಪುಸ್ತಕ ಬೇಡದವರು ತಮಗೆ ಬೇಕಾದ ಒಂದು ಭಾಗವನ್ನಷ್ಟೇ ಕೆಲವೇ ಡಾಲರಿಗೆ ಕೊಳ್ಳಬಹುದಿತ್ತು. 2024ರಲ್ಲಿ ಅದನ್ನು ತೆಗೆದುಹಾಕಿದರು. ಅದೇ ವರ್ಷದ ಆಗಸ್ಟಿನಲ್ಲಿ, ಹೊಸ ಆವೃತ್ತಿ ಬರುತ್ತಿದೆ, ನೀವು ಹಿಂದೆ ಕೊಂಡ ಮಂತ್ರಗಳ ಜಾಗದಲ್ಲಿ ಹೊಸ ಮಂತ್ರಗಳು ತಾವಾಗಿ ಕೂರುತ್ತವೆ ಎಂಬ ಪ್ರಕಟಣೆ ಬಂತು. ಆಟಗಾರರು ಸಿಟ್ಟೆದ್ದರು, ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿಯಿತು. 1978ರಲ್ಲಿ ಕೊಂಡ ಪ್ಲೇಯರ್ಸ್ ಹ್ಯಾಂಡ್‌ಬುಕ್ ಇಂದಿಗೂ ಯಾರದೋ ಕಪಾಟಿನಲ್ಲಿ ಅಕ್ಷರ ಬದಲಾಗದೆ ಕೂತಿದೆ. ಅದನ್ನು ಮಗಳಿಗೆ ಕೊಡಬಹುದು, ಹಳೆ ಪುಸ್ತಕದಂಗಡಿಗೆ ಮಾರಬಹುದು. ಖಾತೆಯೊಳಗಿನ ಪುಸ್ತಕಕ್ಕೆ ಈ ಯಾವ ಗುಣವೂ ಇಲ್ಲ. ಆಟಗಾರನಿಂದ ಮಾಲೀಕತ್ವದ ಪುರಾವೆ ಕೇಳುವವರು ತಾವು ಮಾರುವುದು ನಿಜವಾಗಿ ಮಾಲೀಕತ್ವವನ್ನೇ ಎಂಬುದನ್ನು ಮೊದಲು ಖಚಿತ ಮಾಡಬೇಕು.

ಆರು ವರ್ಷದ ನಂತರ ನಾನು ಮೈಸೂರಿಗೆ ಮರಳಿದೆ. ಬೆಂಗಳೂರಿನ ಬೋರ್ಡ್‌ಗೇಮ್ ಕೆಫೆಗಳಲ್ಲಿ ಈಗ ಡಿ ಅಂಡ್ ಡಿ ಆಡುವವರಿದ್ದಾರೆ. ವಾರಾಂತ್ಯದಲ್ಲಿ ಅಪರಿಚಿತರು ಸೇರಿ ಮೇಜು ಕಟ್ಟುತ್ತಾರೆ, ಆರು ಜನಕ್ಕೆ ಒಂದು ಪುಸ್ತಕ, ಉಳಿದವರ ಕೈಯಲ್ಲಿ ಫೋನು. ಜೆರಾಕ್ಸ್ ಅಂಗಡಿಯೇ ನಮ್ಮ ವಿದ್ಯಾರ್ಥಿಗಳ ಗ್ರಂಥಾಲಯವಾಗಿರುವ ದೇಶ ಇದು. ದೆಹಲಿ ವಿಶ್ವವಿದ್ಯಾಲಯದ ಆವರಣದ ಅಂಗಡಿಯೊಂದರ ಮೇಲೆ ವಿದೇಶಿ ಪ್ರಕಾಶಕರು ಹೂಡಿದ ದಾವೆಯನ್ನು 2016ರಲ್ಲಿ ದೆಹಲಿ ಹೈಕೋರ್ಟ್ ವಜಾ ಮಾಡಿದ್ದು ಪಾಠಕ್ಕಾಗಿ ಮಾಡಿಸುವ ಜೆರಾಕ್ಸಿನ ವಿಷಯದಲ್ಲಿ. ಆಟಕ್ಕೆ ಆ ರಿಯಾಯಿತಿ ಇಲ್ಲ. ಹಾಗಾಗಿ ಅಣ್ಣನ ಮಗ ಮತ್ತು ಅವನ ಗೆಳೆಯರು, ಎಲ್ಲ ಎಂಟನೇ ಒಂಬತ್ತನೇ ತರಗತಿಯವರು, "ಅತ್ತೆ, ನಮಗೂ ಆ ಆಟ ಹೇಳಿಕೊಡಿ" ಎಂದು ಬಂದಾಗ ನನ್ನ ಎದುರಿಗೆ ಹಳೆಯ ಪ್ರಶ್ನೆಯೇ ಬಂದು ನಿಂತಿತು. ಐದು ಮಕ್ಕಳು, ಇಂಗ್ಲಿಷ್ ಎಲ್ಲರಿಗೂ ಒಂದೇ ಸಮ ಬರುವುದಿಲ್ಲ, ಪುಸ್ತಕ ಕೊಳ್ಳುವ ಶಕ್ತಿ ಒಬ್ಬರ ಮನೆಗೂ ಇಲ್ಲ.

ಅಷ್ಟರಲ್ಲಿ ಲೋಕ ಸ್ವಲ್ಪ ಬದಲಾಗಿತ್ತು. 2023ರ ಜನವರಿಯಲ್ಲಿ ವಿಜರ್ಡ್ಸ್ ಕಂಪನಿ ತನ್ನ ನಿಯಮಗಳನ್ನು ಬಳಸಲು 2000ದಿಂದ ಎಲ್ಲರಿಗೂ ಕೊಟ್ಟಿದ್ದ ಮುಕ್ತ ಪರವಾನಗಿಯನ್ನು ಬಿಗಿಮಾಡಲು ಹೊರಟದ್ದು ಬಯಲಾಯಿತು. ಆಟಗಾರರ ಪ್ರತಿಭಟನೆ ಎಷ್ಟಿತ್ತೆಂದರೆ, ತಿಂಗಳು ಮುಗಿಯುವ ಮುಂಚೆ, 27ರಂದು, ಕಂಪನಿ ಐದನೇ ಆವೃತ್ತಿಯ ಮೂಲ ನಿಯಮಗಳನ್ನು, ಸುಮಾರು 400 ಪುಟ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಆ ಪರವಾನಗಿಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಯಾರು ಬೇಕಾದರೂ ನಕಲು ಮಾಡಬಹುದು, ಹಂಚಬಹುದು, ಬದಲಿಸಬಹುದು, ಅನುವಾದಿಸಬಹುದು. ಷರತ್ತು ಒಂದೇ, ಮೂಲ ಯಾರದೆಂದು ಹೇಳಬೇಕು.

ಹಾಗೆ ಕಳೆದ ಬೇಸಿಗೆ ರಜೆಯಲ್ಲಿ ಆ ನಿಯಮಗಳಲ್ಲಿ ನಲವತ್ತು ಪುಟ ಕನ್ನಡಕ್ಕೆ ತಂದೆ. 'ಸೇವಿಂಗ್ ಥ್ರೋ' ಎಂಬುದಕ್ಕೆ ಮೂರು ದಿನ ಒದ್ದಾಡಿದೆ. ಮೇಲಿನಿಂದ ಬೆಂಕಿ ಸುರಿಯುವಾಗ, ವಿಷ ಮೈಗೇರುವಾಗ, ಕೊನೆ ಗಳಿಗೆಯಲ್ಲಿ ತಪ್ಪಿಸಿಕೊಳ್ಳಲು ಉರುಳಿಸುವ ದಾಳ ಅದು. 'ರಕ್ಷಣಾ ಎಸೆತ' ಎಂದು ಬರೆದಿದ್ದೆ. ಅಣ್ಣನ ಮಗ ಓದಿ ಮುಖ ಕಿವುಚಿ, "ಅತ್ತೆ, ಇದು ಬಚಾವ್ ದಾಳ ಅಲ್ವಾ?" ಎಂದ. ಅದೇ ಉಳಿಯಿತು. ಹಾಳೆಗಳನ್ನು ಬೀದಿಕೊನೆಯ ಜೆರಾಕ್ಸ್ ಅಂಗಡಿಗೆ ಕೊಟ್ಟೆವು. ಐದು ಪ್ರತಿ, ಸ್ಪೈರಲ್ ಬೈಂಡಿಂಗ್. ಅಂಗಡಿಯಾತ ಪುಟ ತಿರುವುತ್ತ, ಕೆಳಗಡೆ ಸಣ್ಣಕ್ಷರದ ಸಾಲೊಂದು ಎಲ್ಲ ಪುಟದಲ್ಲೂ ಬರುತ್ತಿದೆಯಲ್ಲ ಮೇಡಂ, ತೆಗೆಯಬೇಕಾ ಎಂದು ಕೇಳಿದರು. ಬೇಡ, ಅದು ಇರಲಿ, ಇದನ್ನು ಬರೆದವರು ಯಾರೆಂದು ಅಲ್ಲಿದೆ ಎಂದೆ. ಮಕ್ಕಳು ಅಲ್ಲೇ ಕೌಂಟರಿನ ಪಕ್ಕ ನಿಂತು ತಂತಮ್ಮ ಪ್ರತಿಯ ಮೇಲೆ ಪೆನ್ನಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು.